ಸತ್ಯಾಂಶ: ಐದು ವರ್ಷಕ್ಕೇ ಮಿದುಳಿನ ಬೆಳವಣಿಗೆ ಮುಗಿಯುತ್ತದೆಯೇ?

'ಐದು ವರ್ಷಕ್ಕೆ ಮಕ್ಕಳ ಮಿದುಳು ಶೇ 90ರಷ್ಟು ಬೆಳೆದಿರುತ್ತದೆ. ಏಳನೇ ಕ್ಲಾಸಿಗೆ ಬಂದರೂ ಲೆಕ್ಕ ಬರದಿದ್ದರೆ ಇನ್ನು ಬರಲ್ಲ.' ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಮಾತಿದು.

ಇದರಲ್ಲಿ ಅರ್ಧ ಮಾತ್ರ ನಿಜ. ಆರು ವರ್ಷದ ಹೊತ್ತಿಗೆ ಮಿದುಳಿನ ಗಾತ್ರ ದೊಡ್ಡವರ ಮಿದುಳಿನ ಶೇ 90ರ ಹತ್ತಿರ ಬಂದಿರುತ್ತದೆ. ಆದರೆ ಅದು ಗಾತ್ರ ಅಷ್ಟೇ. ಒಳಗಿನ ಕೆಲಸ ಇನ್ನೂ ನಡೆಯುತ್ತಲೇ ಇರುತ್ತದೆ. ಹದಿಹರೆಯದ ಉದ್ದಕ್ಕೂ, ಹೆಚ್ಚು ಬಳಸಿದ ನರಗಳ ಕೊಂಡಿಗಳು ಗಟ್ಟಿಯಾಗುತ್ತವೆ, ಬಳಸದವು ಕಳಚಿಕೊಳ್ಳುತ್ತವೆ. ಗಮನ ಹಿಡಿದಿಡುವ, ಯೋಚಿಸಿ ನಿರ್ಧರಿಸುವ ಕೆಲಸ ಜಾಸ್ತಿ ಮಾಡುವುದು ಹಣೆಯ ಹಿಂದಿನ ಭಾಗ. ಅದು ಪಕ್ವವಾಗುವುದು 20 ದಾಟಿದ ಮೇಲೆಯೇ.

ಹಾಗಾಗಿ ಏಳನೇ ಕ್ಲಾಸಿನ ಹುಡುಗಿ 1/2 + 1/3 = 2/5 ಎಂದು ಬರೆದರೆ ದಯವಿಟ್ಟು 'ದಡ್ಡಿ' ಅನ್ನಬೇಡಿ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾಳೆ. ಸುಮ್ನೆ ಬರೆದದ್ದಲ್ಲ, ಯೋಚಿಸಿಯೇ ಬರೆದದ್ದು. 'ಹೇಗೆ ಬಂತು ಪುಟ್ಟಿ?' ಅಂತ ಕೇಳಿ. ಪೂರ್ತಿ ಹೇಳಲು ಬಿಡಿ. ಆಮೇಲೆ ಒಂದು ಚಪಾತಿಯನ್ನು ಆರು ಸಮ ತುಂಡು ಮಾಡಿ. ಅರ್ಧ ಅಂದರೆ 3 ತುಂಡು, ಮೂರನೇ ಒಂದು ಭಾಗ ಅಂದರೆ 2. ಒಟ್ಟು 5 ತುಂಡು, ಅಂದರೆ 5/6. ಅವಳ 2/5 ಅರ್ಧಕ್ಕಿಂತಲೂ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಕಡಿಮೆ ಆಗಲ್ಲ, ಅಲ್ವಾ? ಇದನ್ನು ಅವಳೇ ಕಂಡುಹಿಡಿಯಲಿ. ಎರಡು ದಿನ ಬಿಟ್ಟು ಇನ್ನೊಂದು ಲೆಕ್ಕ ಕೊಡಿ.