ಪಕ್ಕದ ಮನೆಯವರು ಚಿಮ್ನಿ ಒಡೆದರೆ ನಾವು ಕೇಳಲೇಬೇಕು

ಇಂಗ್ಲೆಂಡಿನಲ್ಲಿ ಹಳೇ ಟೆರೇಸ್ ಮನೆಯನ್ನೋ (ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಮನೆ) ಸೆಮಿಯನ್ನೋ (ಎರಡು ಅಂಟಿಕೊಂಡ ಜೋಡಿ ಮನೆ) ಕೊಂಡಿರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ. "ನಮ್ಮ ಮನೆ, ನಾವು ಒಡೀತೀವಿ, ಯಾರನ್ನ ಕೇಳ್ಬೇಕು?" ಅನ್ನೋ ಮಾತು ಚಿಮ್ನಿ ವಿಷಯದಲ್ಲಿ ನಡೆಯುವುದಿಲ್ಲ. ನಡೆಯಲೂ ಬಾರದು.

ಹಾಲ್‌ನಲ್ಲಿ, ಬೆಡ್‌ರೂಮಿನಲ್ಲಿ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ ಇಟ್ಟಿಗೆ ಕಟ್ಟಡ ಇರುತ್ತದಲ್ಲ, ಅದೇ ಚಿಮ್ನಿ ಬ್ರೆಸ್ಟ್. ಸೋಫಾ ಇಡಲು ಅಡ್ಡ, ವಾರ್ಡ್‌ರೋಬ್ ಇಡಲು ಅಡ್ಡ. ತೆಗೆಸಿಬಿಟ್ಟರೆ ರೂಮು ದೊಡ್ಡದಾಗುತ್ತದೆ, ನಿಜ. ಆದರೆ ಅದು ಇರುವುದು ಎರಡು ಮನೆಗಳ ನಡುವಿನ ಗೋಡೆಯಲ್ಲಿ. ಸಾಮಾನ್ಯವಾಗಿ ಆ ಕಡೆಯೂ ಅಂಥದ್ದೇ ಇನ್ನೊಂದು ಇರುತ್ತದೆ. ಎರಡೂ ಮೇಲೆ ಹೋಗಿ ಛಾವಣಿಯ ಮೇಲೆ ಒಂದೇ ಸ್ಟ್ಯಾಕ್, ಅಂದರೆ ಹೊರಗೆ ಕಾಣುವ ಇಟ್ಟಿಗೆಯ ಗೂಡು, ಆಗುತ್ತವೆ. ಒಳಗೆ ಒಂದೊಂದು ಫೈರ್‌ಪ್ಲೇಸಿಗೂ ಬೇರೆ ಬೇರೆ ಫ್ಲೂ, ಅಂದರೆ ಹೊಗೆಯ ದಾರಿ. ಎಷ್ಟೋ ಕಡೆ ಎರಡು ಫ್ಲೂಗಳ ನಡುವೆ ಇರುವುದು ಅರ್ಧ ಇಟ್ಟಿಗೆ ದಪ್ಪದ ತಡೆ ಅಷ್ಟೇ. ಅದೂ ನೂರು ವರ್ಷದ ಹಿಂದಿನ ಸುಣ್ಣದ ಗಾರೆಯಲ್ಲಿ ಕಟ್ಟಿದ್ದು.

ನಮ್ಮ ಪಕ್ಕದ ಮನೆಯಲ್ಲಿ ಕೆಲಸ ಶುರುವಾಗಿದೆ ಅಂತ ನಮಗೆ ತಿಳಿದದ್ದೇ ನಮ್ಮ ಕಡೆ ಮಸಿ ಉದುರಿದಾಗ. ಫೈರ್‌ಪ್ಲೇಸಿನಲ್ಲಿ ಕೂರಿಸಿದ ಗ್ಯಾಸ್ ಫೈರ್ (ಗ್ಯಾಸ್ ಹೀಟರ್) ಮುಂದೆ ಕಾರ್ಪೆಟ್ ತುಂಬ ಕಪ್ಪು ಪುಡಿ. ಅದರ ಜೊತೆ ಬೆರಳಲ್ಲಿ ಹಿಸುಕಿದರೆ ಮರಳಾಗುವ ಗಾರೆಯ ಚೂರುಗಳು. ಹೋಗಿ ಕೇಳಿದರೆ ಅವರ ಬಿಲ್ಡರ್ ಹೇಳಿದ್ದು, ನಾವು ಮುಟ್ಟಿರುವುದು ಇವರ ಕಡೆಯದನ್ನು ಮಾತ್ರ, ನಿಮಗೇನೂ ಆಗಲ್ಲ ಅಂತ. ನಾವು ಗ್ಯಾಸ್ ಫೈರ್ ಆರಿಸಿ, ಗ್ಯಾಸ್ ಕೆಲಸಕ್ಕೆ ಬೇಕಾದ ಗ್ಯಾಸ್ ಸೇಫ್ ನೋಂದಣಿ ಇರುವ ಎಂಜಿನಿಯರನ್ನು ಕರೆಸಿದೆವು. ಅವರು ನಮ್ಮ ಫ್ಲೂಗೆ ಪರೀಕ್ಷೆಯ ಹೊಗೆ ಬಿಟ್ಟರು. ಅದು ಪಕ್ಕದ ಮನೆಯ ಲಾಫ್ಟ್‌ನಲ್ಲಿ, ಅಂದರೆ ಛಾವಣಿಯ ಕೆಳಗಿನ ಅಟ್ಟದಲ್ಲಿ, ಕಾಣಿಸಿಕೊಂಡಿತು!

ಸ್ವಲ್ಪ ಯೋಚಿಸಿ. ನಾವು ಫೈರ್ ಹಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೋಗುತ್ತಿದ್ದುದು ಅವರ ಮನೆಗೆ, ಅವರ ಮಕ್ಕಳು ಮಲಗುವ ರೂಮಿನ ಮೇಲಕ್ಕೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಒಡೆದವರಿಗೇ ಅಪಾಯ ಜಾಸ್ತಿ ಇತ್ತು. ಅದಕ್ಕೇ ನನಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು.

ಇದಕ್ಕೆಲ್ಲ ಕಾನೂನು ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಪಾರ್ಟಿ ವಾಲ್ ಕಾಯ್ದೆ ಪ್ರಕಾರ, ಹಂಚಿಕೊಂಡ ಗೋಡೆಯಿಂದ ಚಿಮ್ನಿ ಬ್ರೆಸ್ಟ್ ಕತ್ತರಿಸಲು ಎರಡು ತಿಂಗಳು ಮೊದಲೇ ಪಕ್ಕದವರಿಗೆ ಬರಹದಲ್ಲಿ ನೋಟಿಸ್ ಕೊಡಬೇಕು. ಕಟ್ಟಡದ ಸುರಕ್ಷತೆ ನೋಡುವ ಸ್ಥಳೀಯ ಕೌನ್ಸಿಲ್‌ನ ಬಿಲ್ಡಿಂಗ್ ಕಂಟ್ರೋಲ್ ಒಪ್ಪಿಗೆ ಬೇರೆಯೇ. ಅದು ಸಿಕ್ಕಿದ ಮಾತ್ರಕ್ಕೆ ಪಕ್ಕದವರ ಒಪ್ಪಿಗೆ ಸಿಕ್ಕಂತಲ್ಲ. ಮನೆಯೊಳಗಿನ ಈ ಕೆಲಸಕ್ಕೆ ಸಾಮಾನ್ಯವಾಗಿ ಪ್ಲಾನಿಂಗ್ ಪರ್ಮಿಷನ್ ಬೇಕಾಗುವುದಿಲ್ಲ. ಜನ ಅದನ್ನೇ ಹಿಡಿದುಕೊಂಡು ಯಾವ ಒಪ್ಪಿಗೆಯೂ ಬೇಡ ಅಂದುಕೊಳ್ಳುತ್ತಾರೆ.

ಭಾರದ ವಿಷಯ ಇನ್ನೂ ಗಂಭೀರ. ಕೆಳಗಿನದನ್ನು ತೆಗೆದು ಮೇಲಿನ ಸ್ಟ್ಯಾಕ್ ಹಾಗೇ ಬಿಟ್ಟರೆ, ಟನ್‌ಗಟ್ಟಲೆ ಇಟ್ಟಿಗೆಯನ್ನು ಯಾವುದಾದರೂ ಹೊರಬೇಕಲ್ವಾ? ಕೆಲವರು ಗೋಡೆಗೆ ತ್ರಿಕೋನದ ಕಬ್ಬಿಣದ ಬ್ರ್ಯಾಕೆಟ್ ಬಿಗಿದು ಮುಗಿಸುತ್ತಾರೆ. ಆ ಬ್ರ್ಯಾಕೆಟ್ ಪೂರ್ತಿ ನಂಬಿಕೊಂಡಿರುವುದು ನಡುವಿನ ಗೋಡೆಯನ್ನೇ. ಆ ಕಡೆಯವರೂ ಮೊದಲೇ ತಮ್ಮದನ್ನು ತೆಗೆಸಿದ್ದರೆ ಗೋಡೆಗೆ ಬಲವೇ ಸಾಲದು. ಅದಕ್ಕೇ ಎಷ್ಟೋ ಕೌನ್ಸಿಲ್‌ಗಳು ಬ್ರ್ಯಾಕೆಟ್ ಒಪ್ಪದೆ, ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿದ ಸ್ಟೀಲ್ ಬೀಮ್ ಕೇಳುತ್ತವೆ.

ಗಾಳಿಯ ಬಗ್ಗೆಯಂತೂ ಯಾರೂ ಮಾತೇ ಆಡುವುದಿಲ್ಲ. ಬಳಸದ ಫ್ಲೂ ಆದರೂ ಅದಕ್ಕೆ ಉಸಿರಾಟ ಬೇಕು. ಕೆಳಗೆ ಒಂದು ಸಣ್ಣ ಗ್ರಿಲ್, ಮೇಲೆ ಮಳೆ ತಡೆದು ಗಾಳಿ ಬಿಡುವ ಮುಚ್ಚಳ. ಎರಡೂ ಕಡೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಹಳೇ ಮಸಿಯಲ್ಲಿರುವ ಲವಣಗಳು ತೇವ ಎಳೆದುಕೊಂಡು ಗೋಡೆಯ ಮೇಲೆ ಕಂದು ಕಲೆ ಮೂಡಿಸುತ್ತವೆ. ಎಷ್ಟು ಸಲ ಪೇಂಟ್ ಹೊಡೆದರೂ ಮತ್ತೆ ಬರುತ್ತದೆ. ಅರ್ಧ ಒಡೆದು ಬಿಟ್ಟ ಚಿಮ್ನಿಗೂ ಇದೇ ಮಾತು. ಗೋಡೆ ಒಂದೇ ಆದ್ದರಿಂದ ಆ ತೇವ ನಮ್ಮ ಕಡೆಗೂ ಬರುತ್ತದೆ. ಮೇಲಿನ ಮುಚ್ಚಳ ಹಾಕುವಾಗ ಪಕ್ಕದವರ ಬಳಕೆಯಲ್ಲಿರುವ ಫ್ಲೂ ಮುಚ್ಚಿಬಿಟ್ಟರೆ ಪ್ರಾಣಕ್ಕೇ ಕುತ್ತು.

"ಅಕ್ಕಪಕ್ಕದವರ ಹತ್ತಿರ ಯಾಕೆ ನಿಷ್ಠುರ, ಸುಮ್ನಿರಿ" ಅಂತ ಸ್ನೇಹಿತರೇ ಹೇಳಿದರು. ನಾನು ಒಪ್ಪುವುದಿಲ್ಲ. ನೋಟಿಸ್ ಬಂದರೆ 14 ದಿನದೊಳಗೆ ಉತ್ತರ ಬರೆಯಿರಿ. ಸುಮ್ಮನಿದ್ದರೆ ಕಾಯ್ದೆ ಅದನ್ನು ತಕರಾರು ಅಂತಲೇ ಎಣಿಸುತ್ತದೆ, ಅದನ್ನು ಬಗೆಹರಿಸುವ ಸರ್ವೇಯರ್ ನೇಮಕವಾಗಬೇಕಾಗುತ್ತದೆ. ಆ ಖರ್ಚು ಸಾಮಾನ್ಯವಾಗಿ ಕೆಲಸ ಮಾಡಿಸುವವರದೇ. ನಿಮ್ಮ ಫೈರ್ ಬಳಕೆಯಲ್ಲಿದೆ ಅಂತ ಬರೆದು ತಿಳಿಸಿ. ಕೆಲಸಕ್ಕೆ ಮೊದಲು ನಿಮ್ಮ ಗೋಡೆಯ ಫೋಟೋ ತೆಗೆದಿಡಿ, ಎಂಜಿನಿಯರ್ ಲೆಕ್ಕ ಕೇಳಿ. ಚಿಮ್ನಿ ಆಗಲೇ ತೆಗೆದಿರುವ ಮನೆ ಕೊಳ್ಳುತ್ತಿದ್ದರೆ ಬಿಲ್ಡಿಂಗ್ ಕಂಟ್ರೋಲ್‌ನ ಕಂಪ್ಲೀಷನ್ ಸರ್ಟಿಫಿಕೇಟ್ ಕೇಳಿ. ಟಾರ್ಚ್ ಹಿಡಿದು ಲಾಫ್ಟ್ ಹತ್ತಿ, ಮೇಲಿನ ಸ್ಟ್ಯಾಕ್ ಯಾವುದರ ಮೇಲೆ ನಿಂತಿದೆ ಅಂತ ಕಣ್ಣಾರೆ ನೋಡಿ.