ಬೆಕ್ಕಿಗೆ ಐದರಲ್ಲೊಂದು ಪಾಲು

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಬುದ್ಧಿವಂತರಿಗೇನೂ ಬರವಿಲ್ಲ. 1995ರಲ್ಲಿ ಅಲ್ಲಿನ ನೌಕರರ ಆರೋಗ್ಯ ವಿಮೆಗೆ ಹೊಸ ಲೆಕ್ಕ ಬಂತು. ಯಾವ ಪಾಲಿಸಿ ತಗೊಂಡರೂ ವಿಶ್ವವಿದ್ಯಾಲಯ ಕೊಡುವುದು ಅಷ್ಟೇ ದುಡ್ಡು. ಜಾಸ್ತಿ ಸೌಲಭ್ಯ ಬೇಕೆಂದರೆ ಮಿಕ್ಕಿದ್ದನ್ನು ನೀವೇ ಹಾಕಿಕೊಳ್ಳಿ. ನ್ಯಾಯವಾಗೇ ಇದೆ ಅಲ್ವಾ? ಗಟ್ಟಿಮುಟ್ಟಾಗಿದ್ದವರು 'ನಮಗ್ಯಾಕೆ ದುಬಾರಿ ಪಾಲಿಸಿ' ಎಂದು ಅಗ್ಗದ್ದಕ್ಕೆ ಹಾರಿದರು. ಉಳಿದವರಲ್ಲಿ ವಯಸ್ಸಾದವರು, ಕಾಯಿಲೆಯವರೇ ಹೆಚ್ಚು. ಅವರ ಖರ್ಚಿಗೆ ಪ್ರೀಮಿಯಂ ಏರಿತು. ಏರಿದ್ದಕ್ಕೆ ಇನ್ನಷ್ಟು ಜನ ಇಳಿದರು. ಮೂರು ವರ್ಷ ಕಳೆಯುವಷ್ಟರಲ್ಲಿ ಆ ಒಳ್ಳೆಯ ಪಾಲಿಸಿ ತೀರಿಕೊಂಡಿತು. ಕಾಯಿಲೆಯವರೇ ಉಳಿದುಕೊಂಡರು ಅನ್ನುವುದೇ ಅದಕ್ಕೆ ಬಂದ ಕಾಯಿಲೆ.

ನೆದರ್ಲ್ಯಾಂಡ್ಸ್‌ನವರು 2005ರಲ್ಲಿ ಬೇರೆ ಉಪಾಯ ಹೂಡಿದರು. ಕ್ಲೇಮ್ ಮಾಡದೆ ವರ್ಷ ಕಳೆದವರಿಗೆ 255 ಯೂರೋ ವಾಪಸ್. ಸುಮ್ನೆ ಆರೋಗ್ಯವಾಗಿದ್ದದ್ದಕ್ಕೇ ಬಹುಮಾನ! 2008ಕ್ಕೆ ಅದನ್ನು ಕೈಬಿಟ್ಟು, 'ವರ್ಷದ ಚಿಕಿತ್ಸೆ ಖರ್ಚಿನಲ್ಲಿ ಮೊದಲ 150 ಯೂರೋ ನೀವೇ ಕೊಡಿ' ಎಂದರು.

ಆದರೆ ನನಗೆ ತುಂಬಾ ಇಷ್ಟವಾದದ್ದು ಅಮೆರಿಕದ ಬೆಕ್ಕು. 2010ರ ಕಾನೂನು ವಿಮಾ ಕಂಪನಿಗಳಿಗೆ ಹೀಗೆ ಹೇಳಿತು: ಕಟ್ಟಿಸಿಕೊಂಡ ಪ್ರೀಮಿಯಂನಲ್ಲಿ ನೂರಕ್ಕೆ 80ರಷ್ಟನ್ನಾದರೂ ಚಿಕಿತ್ಸೆಗೇ ಖರ್ಚು ಮಾಡಬೇಕು. ದೊಡ್ಡ ಗುಂಪಿನ ಪಾಲಿಸಿಯಾದರೆ 85. ತಪ್ಪಿದರೆ ಗ್ರಾಹಕರಿಗೆ ವಾಪಸ್ ಕೊಡಿ. ಸಂಬಳ, ಜಾಹೀರಾತು, ಲಾಭ ಎಲ್ಲಾ ಉಳಿದದ್ದರಲ್ಲೇ.

ಅಂದರೆ ಬೆಕ್ಕಿಗೆ ಹೇಳಿದ್ದಿಷ್ಟು: ಪಾತ್ರೆಯಲ್ಲಿ ಐದರಲ್ಲೊಂದು ಪಾಲು ಹಾಲು ಮಾತ್ರ ನಿನ್ನದು. ಬೆಕ್ಕು ತಲೆಯಾಡಿಸಿತು. ಆಮೇಲೆ ಪಾತ್ರೆಯ ಕಡೆ ನೋಡಿತು. ಇದು ಯಾಕೋ ಚಿಕ್ಕದಾಯ್ತಲ್ಲ?

ನೂರರಲ್ಲಿ ಇಪ್ಪತ್ತಕ್ಕಿಂತ ಸಾವಿರದಲ್ಲಿ ಇನ್ನೂರು ದೊಡ್ಡದು. ಇಷ್ಟು ಗಣಿತಕ್ಕೆ ಹಾರ್ವರ್ಡ್ ಬೇಡ. ಆಸ್ಪತ್ರೆ ಸ್ಕ್ಯಾನಿಂಗಿಗೆ ಎರಡರಷ್ಟು ಬಿಲ್ ಹಾಕಿದಾಗ ಮೇಜು ಗುದ್ದಿ ಜಗಳವಾಡಬೇಕಾದವನು ವಿಮೆಯವನು. ಜಗಳ ಗೆದ್ದರೆ ಖರ್ಚು ಇಳಿಯುತ್ತದೆ. ಖರ್ಚಿನ ಹಿಂದೆಯೇ ಪ್ರೀಮಿಯಂ ಇಳಿಯಬೇಕು, ಅದರ ಜೊತೆ ಅವನ ಪಾಲೂ. ಹಾಗಾಗಿ ಮೇಜನ್ನು ಮೆಲ್ಲಗೆ ತಟ್ಟುತ್ತಾನೆ. ಪಕ್ಕದಲ್ಲಿ ಇನ್ನೊಂದು ಬೆಕ್ಕಿದ್ದರೆ ಸ್ವಲ್ಪ ಭಯವಿರುತ್ತದೆ, ಅಷ್ಟೆ. ಒಂದೇ ಬೆಕ್ಕಿರುವ ಮನೆಯಲ್ಲಿ ಕೇಳುವವರಾರು?

ಮುಂದಿನ ವರ್ಷ ಮನೆಗೆ ಕಾಗದ ಬರುತ್ತದೆ: 'ಚಿಕಿತ್ಸೆಯ ವೆಚ್ಚ ಏರಿರುವುದರಿಂದ ಪ್ರೀಮಿಯಂ ಹೆಚ್ಚಿಸಬೇಕಾಗಿದೆ. ವಿಷಾದಿಸುತ್ತೇವೆ.' ಆ ಕಾಗದದ ಅಂಚೆ ಖರ್ಚು ಮಾತ್ರ ಅವರ ಇಪ್ಪತ್ತರಿಂದಲೇ ಹೋಗುತ್ತದೆ, ಪಾಪ.