ಊರಿಗೆ ಹೊರಟಾಗ ಏರ್ ಫಿಲ್ಟರ್ ಬೇಡ, ಟಾರ್ಕ್ ರೆಂಚ್ ಒಯ್ಯಿರಿ

ಕ್ಯಾಲಿಫೋರ್ನಿಯಾದಿಂದ ಊರಿಗೆ ಹೊರಡುವ ಕನ್ನಡಿಗರ ಸೂಟ್‌ಕೇಸಿನಲ್ಲಿ ಈಗ ಕಾರಿನ ಭಾಗಗಳಿಗೂ ಜಾಗ ಸಿಗುತ್ತಿದೆ. ತೊಳೆದು ಮತ್ತೆ ಹಾಕುವ ಹತ್ತಿಯ ಏರ್ ಫಿಲ್ಟರ್, ಇರಿಡಿಯಂ ಸ್ಪಾರ್ಕ್ ಪ್ಲಗ್, ಒಮ್ಮೊಮ್ಮೆ ಎಂಜಿನ್‌ಗೆ ಗಾಳಿ ಒಯ್ಯುವ ಇಡೀ ಇನ್‌ಟೇಕ್ ಪೈಪು. ಮನೆ ಮುಂದೆಯೇ ಹಾಕಿಕೊಂಡರಾಯಿತು, ಪಿಕಪ್ ಏರುತ್ತದೆ ಅನ್ನುವ ನಂಬಿಕೆ. ದಿನಾ ಓಡಿಸುವ ಕಾರಿಗೆ ಇವು ಯಾವುವೂ ಕೊಟ್ಟ ದುಡ್ಡಿಗೆ ತಕ್ಕ ಶಕ್ತಿ ತರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವತಃ ಕೈಗೆ ಮಸಿ ಹಚ್ಚಿಕೊಂಡು ಕೆಲಸ ಮಾಡುವ ಆಸೆ ಮಾತ್ರ ಬಹಳ ಒಳ್ಳೆಯದು, ಅದನ್ನು ಬಿಡಬಾರದು. ಅದಕ್ಕೆ ಬೇಕಾದದ್ದು ಬೋಲ್ಟನ್ನು ಎಷ್ಟು ಬೇಕೋ ಅಷ್ಟೇ ಅಳೆದು ಬಿಗಿಯುವ ಟಾರ್ಕ್ ರೆಂಚ್.

ಫಿಲ್ಟರ್‌ನಿಂದ ಶುರು ಮಾಡೋಣ. ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಅರ್ಧ ಒತ್ತಿದಾಗ ಗಾಳಿಯನ್ನು ತಡೆಯುವುದು ಥ್ರೊಟಲ್ ಬಾಡಿಯೊಳಗಿನ ತಟ್ಟೆಯೇ. ಫಿಲ್ಟರ್ ಎಷ್ಟು ಸಲೀಸಾಗಿ ಗಾಳಿ ಬಿಟ್ಟರೂ ಆಗ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಫ್ಯೂಯಲ್ ಇಂಜೆಕ್ಷನ್ ಕಾರುಗಳಿಗೆ ಧೂಳು ಕಟ್ಟಿಕೊಂಡ ಫಿಲ್ಟರ್ ಹಾಕಿದರೂ ಮೈಲೇಜ್ ಇಳಿಯಲಿಲ್ಲ, ಪೂರ್ತಿ ಒತ್ತಿದಾಗಿನ ವೇಗೋತ್ಕರ್ಷ ಮಾತ್ರ ತಗ್ಗಿತು. ಧೂಳು ಕಟ್ಟಿದ್ದಕ್ಕೇ ಇಷ್ಟೇ ಪರಿಣಾಮವಾದರೆ, ಹೊಸ ಕಾಗದದ ಫಿಲ್ಟರ್ ತೆಗೆದು ಹತ್ತಿಯದ್ದು ಹಾಕಿ ಸಿಗುವುದೆಷ್ಟು? ಹತ್ತಿಯದು ನುಣ್ಣನೆಯ ಧೂಳನ್ನು ಹೆಚ್ಚು ಒಳಬಿಡುತ್ತದೆ. ಬಳ್ಳಾರಿ, ಹೊಸಪೇಟೆ ಕಡೆಯ ಕೆಂಪು ಧೂಳಿನಲ್ಲಿ ಓಡುವ ಎಂಜಿನ್‌ನ ಪಿಸ್ಟನ್ ರಿಂಗ್‌ಗಳಿಗೆ ಇದು ನೇರ ಪೆಟ್ಟು. ತೊಳೆದ ಮೇಲೆ ಎಣ್ಣೆ ಹೆಚ್ಚಾಯಿತೋ, ಅದು ಮಾಸ್ ಏರ್ ಫ್ಲೋ ಸೆನ್ಸರ್‌ನ ಬಿಸಿ ತಂತಿಗೆ ಅಂಟಿ ಗಾಳಿಯ ಅಳತೆ ತಪ್ಪುತ್ತದೆ. ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದು ಕಾರು ದೂರುವ ಪಿ0171 ಕೋಡ್ ಬರುವುದು ಹೀಗೂ ಉಂಟು.

ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಕೂರಿಸುವುದು ಇನ್ನೂ ಕೆಟ್ಟದು. ಕಂಪನಿಯ ಏರ್ ಬಾಕ್ಸ್ ಸಾಮಾನ್ಯವಾಗಿ ಗ್ರಿಲ್ ಹಿಂದಿನಿಂದಲೋ ಫೆಂಡರ್ ಒಳಗಿನಿಂದಲೋ ತಣ್ಣನೆಯ ಗಾಳಿ ಎಳೆಯುತ್ತದೆ. ಕೋನ್ ಎಳೆಯುವುದು ರೇಡಿಯೇಟರ್ ಬಿಸಿಯನ್ನು. ಗಾಳಿ ಸುಮಾರು 3 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಸಾಂದ್ರತೆ ಶೇ. 1ರಷ್ಟು ಇಳಿಯುತ್ತದೆ. ಶಬ್ದ ಜೋರಾಗುವುದರಿಂದ ಶಕ್ತಿ ಏರಿದಂತೆ ಅನಿಸುತ್ತದೆ, ಅಷ್ಟೆ. ಪೈಪನ್ನು ಬಂಪರ್ ಕೆಳಗೆ ಇಳಿಸಿದರೆ ಮಳೆಗಾಲದಲ್ಲಿ ಅಂಡರ್‌ಪಾಸ್ ನೀರು ಸಿಲಿಂಡರ್ ಸೇರಿ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ.

ಬೆಂಗಳೂರಿನ ಕಾರು ಮಂದ ಅನಿಸುವುದಕ್ಕೆ ಭಾಗಗಳಿಗಿಂತ ದೊಡ್ಡ ಕಾರಣವೊಂದಿದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ; ಅಲ್ಲಿ ಗಾಳಿ ತೆಳು, ಹಾಗಾಗಿ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಹತ್ತಿರ ಹತ್ತಿರ ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅದೇ ಕಾರು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದರೆ ತಾನೇ ಚುರುಕಾಗುತ್ತದೆ. ಯಾವ ಫಿಲ್ಟರೂ ಇದನ್ನು ಬೆಂಗಳೂರಿನಲ್ಲಿ ತುಂಬಿಕೊಡಲಾರದು.

ನಿಜವಾಗಿ ಶಕ್ತಿ ಕೊಡುವುದು ಒಂದೇ, ಟರ್ಬೊ ಎಂಜಿನ್‌ನ ಇಸಿಯು ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾಯಿಸುವುದು. ಶೇ. 20ರಿಂದ 30 ಏರಿಕೆ ಸಾಧ್ಯ. ಟರ್ಬೊ ಇಲ್ಲದ್ದರಲ್ಲಿ ನಾಲ್ಕೈದು ಬಂದರೆ ಹೆಚ್ಚು. ಡೀಸೆಲ್ ಕಾರುಗಳಿಗೆ ಮಾರುವ ಟ್ಯೂನಿಂಗ್ ಬಾಕ್ಸ್‌ಗಳಲ್ಲಿ ಹಲವು, ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ (ರೈಲ್) ಒತ್ತಡ ಕಡಿಮೆ ಇದೆ ಎಂದು ಇಸಿಯುಗೆ ಸುಳ್ಳು ಹೇಳಿ ಹೆಚ್ಚು ಡೀಸೆಲ್ ಹಾಯಿಸುತ್ತವೆ. ಹೊಗೆ, ಇಂಜೆಕ್ಟರ್ ಸವೆತ, ಕ್ಲಚ್ ಜಾರುವುದು ಹಿಂದೆಯೇ ಬರುತ್ತವೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಕಾನೂನಿನ ವಿಷಯದಲ್ಲಿ ಕ್ಯಾಲಿಫೋರ್ನಿಯಾದ ಪದ್ಧತಿ ನನಗೆ ಮೆಚ್ಚುಗೆ. ಹೊಗೆಯ ಮೇಲೆ ಪರಿಣಾಮ ಬೀರಬಲ್ಲ ಭಾಗ ಹಾಕಬೇಕಾದರೆ ಅದಕ್ಕೆ ರಾಜ್ಯದ ವಾಯು ಮಂಡಳಿಯ ಆದೇಶ ಸಂಖ್ಯೆ ಇರಬೇಕು, ಆ ಸಂಖ್ಯೆ ನಿಮ್ಮ ಕಾರಿನ ಮಾದರಿ, ವರ್ಷಕ್ಕೇ ಅನ್ವಯಿಸಬೇಕು. ಅಲ್ಲಿನ ಹೊಗೆ ತಪಾಸಣೆಯಾದ ಸ್ಮಾಗ್ ಪರೀಕ್ಷೆಯಲ್ಲಿ ಬಾನೆಟ್ ಎತ್ತಿ ನೋಡುತ್ತಾರೆ. 2021ರ ಜುಲೈಯಿಂದ ಇಸಿಯು ಸಾಫ್ಟ್‌ವೇರ್ ಬದಲಾಗಿದೆಯೇ ಎಂಬುದನ್ನೂ ತಪಾಸಿಸುತ್ತಾರೆ. ಕಟ್ಟುನಿಟ್ಟು ಹೌದು, ಆದರೆ ದಾರಿ ಸ್ಪಷ್ಟ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಅದರ ಮೇಲೆ 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು: ತಯಾರಕರ ಮೂಲ ವಿವರಣೆಗೆ ಹೊರತಾದ ಬದಲಾವಣೆ ಸಲ್ಲದು. ದಂಡ ಒಂದೊಂದು ಬದಲಾವಣೆಗೆ 5,000 ರೂಪಾಯಿ, ಆರು ತಿಂಗಳವರೆಗೆ ಜೈಲಿಗೂ ಅವಕಾಶ. ಸಿಎನ್‌ಜಿ ಕಿಟ್‌ಗೆ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸುವ ದಾರಿ ಇದೆ. ಪರೀಕ್ಷೆಗೊಳಪಟ್ಟ ಬೇರೆ ಭಾಗಗಳಿಗೂ ಅಂಥದೊಂದು ಪಟ್ಟಿ ಬಂದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವನಿಗೂ ಕೊಳ್ಳುವವನಿಗೂ ತಾವು ಎಲ್ಲಿ ನಿಂತಿದ್ದೇವೆ ಎಂದು ಗೊತ್ತಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಗ್ಯಾರೇಜಿನ ಕೂಲಿ ದುಬಾರಿ, ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಸಲಕರಣೆ ಕೊಡುತ್ತವೆ. ಹಾಗಾಗಿ ಜನ ತಾವೇ ಕೆಲಸ ಕಲಿಯುತ್ತಾರೆ. ಕರ್ನಾಟಕದಲ್ಲಿ ನುರಿತ ಮೆಕ್ಯಾನಿಕ್ ಹತ್ತಿರದಲ್ಲೇ ಸಿಗುತ್ತಾನೆ, ಆದರೆ ಅಳತೆ ನೋಡಿ ಬಿಗಿಯುವ ರೂಢಿ ಕಡಿಮೆ. ಒಯ್ಯಬೇಕಾದದ್ದು ಈ ರೂಢಿಯನ್ನೇ. ಪ್ಲಗ್ ಬದಲಾವಣೆಯನ್ನೇ ನೋಡಿ. ಇರಿಡಿಯಂ ಪ್ಲಗ್ ಶಕ್ತಿ ಹೆಚ್ಚಿಸುವುದಿಲ್ಲ, ಬಾಳಿಕೆ ಹೆಚ್ಚು. ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬ ಅಳತೆ, ಮೂಲದ್ದೇ ಇರಲಿ. ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ಸಂಖ್ಯೆ ದೊಡ್ಡದಾದಷ್ಟೂ ತಂಪು, ಬಾಷ್‌ನಲ್ಲಿ ಅದು ತಿರುಗಾ ಮುರುಗಾ. ಎಂಜಿನ್ ಪೂರ್ತಿ ತಣಿದ ಮೇಲೆ ಕುಳಿಯ ಕಸವನ್ನು ಗಾಳಿ ಹೊಡೆದು ತೆಗೆದು, ಆಮೇಲೆ ಪ್ಲಗ್ ಬಿಚ್ಚಿ. ಹೊಸದನ್ನು ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಬಿಗಿ ಅನಿಸಿದರೆ ಥ್ರೆಡ್ ಅಡ್ಡ ಹತ್ತಿದೆ ಎಂದು ತಿಳಿದು ಹಿಂದಕ್ಕೆ ಬಿಚ್ಚಿ. ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ ಸಾಮಾನ್ಯವಾಗಿ 20ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20. ಕೈಪಿಡಿಯ ಅಂಕಿಯೇ ಕೊನೆಯ ಮಾತು. ಲೇಪನವಿರುವ ಪ್ಲಗ್‌ಗೆ ಗ್ರೀಸ್, ಥ್ರೆಡ್ ಕಚ್ಚಿಕೊಳ್ಳದಂತೆ ಬಳಿಯುವ ಆಂಟಿ ಸೀಜ್ ಹಚ್ಚಬೇಡಿ: ಥ್ರೆಡ್ ಜಾರಿ, ರೆಂಚ್ ಸರಿಯಾದ ಅಂಕಿ ತೋರಿಸುವಾಗಲೇ ಬಿಗಿತ ಮಿತಿ ಮೀರಿರುತ್ತದೆ. ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕಿತ್ತರೆ ರಿಪೇರಿ ಖರ್ಚು ಪ್ಲಗ್‌ಗಳ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತದೆ.

ಜೊತೆಗೆ ಕಾರಿನ ಕಂಪ್ಯೂಟರಿನಿಂದ ದೋಷದ ಕೋಡ್, ಅಂಕಿಗಳನ್ನು ಓದುವ ಓಬಿಡಿ ರೀಡರ್ ಒಂದಿರಲಿ. ಬಿಸಿ ಎಂಜಿನ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿದೆ ಎಂಬ ಅಂಕಿ) ಸೊನ್ನೆಯಿಂದ ಶೇ. 5ರ ಆಚೀಚೆಯೊಳಗೆ ಇದ್ದರೆ ಚಿಂತೆಯಿಲ್ಲ. ಹತ್ತು ದಾಟಿ ಏರಿದ್ದರೆ ವ್ಯಾಕ್ಯೂಮ್ ಹೋಸ್ ಬಿರುಕು, ಕೊಳೆಯಾದ ಏರ್ ಫ್ಲೋ ಸೆನ್ಸರ್, ಸೋತ ಫ್ಯೂಯಲ್ ಪಂಪ್ ಹುಡುಕಿ. ಕಳೆದುಹೋದ ಪಿಕಪ್ ಇಂಥ ಕಡೆಯೇ ಸಿಗುವುದು. ಟಾರ್ಕ್ ರೆಂಚ್ 10ರಿಂದ 60 ನ್ಯೂಟನ್ ಮೀಟರ್‌ವರೆಗಿನದು ಕೊಳ್ಳಿ, ಚಕ್ರದ ನಟ್‌ಗೆ ಬಳಸುವ ದೊಡ್ಡದು ಇಷ್ಟು ಕಡಿಮೆ ಅಳತೆಯಲ್ಲಿ ನಂಬಿಕೆಗೆ ಬಾರದು. ಕ್ಲಿಕ್ ಬಗೆಯದಾದರೆ ಕೆಲಸ ಮುಗಿದ ಮೇಲೆ ಅತಿ ಕಡಿಮೆ ಅಂಕಿಗೆ ತಿರುಗಿಸಿಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋತು ಮುಂದಿನ ಸಲ ಅಳತೆ ತಪ್ಪುತ್ತದೆ.